ಶಿರಸ್ತ್ರಾಣದೊಳಗಿನ ಧ್ವನಿ

1935ನೆಯ ಇಸವಿಯ ಮೇ ತಿಂಗಳ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಹಳ್ಳಿಗಾಡಿನ ರಸ್ತೆಯೊಂದರಲ್ಲಿ ಮೋಟಾರ್ ಸೈಕಲ್ ಸವಾರನೊಬ್ಬನು ಮನೆಗೆ ಹಿಂದಿರುಗುತ್ತಿದ್ದನು. ಸ್ನೇಹಿತನಿಗೆ ತಂತಿಯೊಂದನ್ನು ಕಳುಹಿಸುವುದಕ್ಕಾಗಿ ಅವನು ಸಮೀಪದ ಬೋವಿಂಗ್ಟನ್ ಸೈನಿಕ ಶಿಬಿರಕ್ಕೆ ಹೋಗಿದ್ದನು. ದಾರಿ ಒಂದೆಡೆ ತಗ್ಗಿಗೆ ಇಳಿದು ಮತ್ತೆ ಮೇಲೇರುತ್ತಿತ್ತು. ಸೈಕಲ್ ತುಳಿಯುತ್ತ ಹೋಗುತ್ತಿದ್ದ ಇಬ್ಬರು ಬಾಲಕರನ್ನು ಆ ತಗ್ಗು ಮರೆಮಾಡಿತ್ತು. ತೀರ ಹತ್ತಿರ ಬಂದ ಮೇಲೆಯೇ ಅವರು ಕಣ್ಣಿಗೆ ಬಿದ್ದರು. ಅವರನ್ನು ಉಳಿಸಲೆಂದು ಅವನು ವಾಹನವನ್ನು ಥಟ್ಟನೆ ತಿರುಗಿಸಿದನು. ಹಿಡಿತ ತಪ್ಪಿ ನೆಲಕ್ಕೆ ಎಸೆಯಲ್ಪಟ್ಟನು. ಅವನ ತಲೆಯ ಮೇಲೆ ಯಾವ ರಕ್ಷಣೆಯೂ ಇರಲಿಲ್ಲ. ಆರು ದಿನಗಳ ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದು ಮೇ 19ರಂದು ಅವನು ಅಸುನೀಗಿದನು. ‘ಅರೇಬಿಯದ ಲಾರೆನ್ಸ್’ ಎಂದು ಜಗತ್ತೇ ಬಲ್ಲ ಟಿ. ಇ. ಲಾರೆನ್ಸನೇ ಆ ಸವಾರ. ಆಗ ಅವನ ವಯಸ್ಸು 46.

ಅವನ ಶುಶ್ರೂಷೆಗೆ ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕರೂ ಒಬ್ಬರು. ರೋಗಿಯನ್ನು ಉಳಿಸಿಕೊಳ್ಳಲಾಗಲಿಲ್ಲ, ಆದರೆ ಅಂತಹ ಸಾವುಗಳನ್ನು ತಡೆಯುವ ಬಗೆಯನ್ನು ಕೇರ್ನ್ಸರು ಮುಂದೆ ಅಧ್ಯಯನ ಮಾಡಿದರು. ಎರಡನೆಯ ಮಹಾಯುದ್ಧವು ಆರಂಭವಾದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳ ಮೇಲೆ 2279 ಮಂದಿ ಮೋಟಾರ್ ಸೈಕಲ್ ಸವಾರರೂ ಹಿಂಬದಿ ಸವಾರರೂ ಮಡಿದರೆಂದು 1941ರಲ್ಲಿ ಅವರು ಪ್ರಕಟಿಸಿದ ಲೇಖನವು ತಿಳಿಸುತ್ತದೆ. ಶಿರಸ್ತ್ರಾಣ ಧರಿಸಿದ್ದಾಗ ಗಾಯಗೊಂಡವರು ಅವರಿಗೆ ಪರೀಕ್ಷೆಗೆ ದೊರೆತದ್ದು ಕೇವಲ ಏಳು ಮಂದಿ. ಆ ಏಳು ಮಂದಿಯೂ ಬದುಕಿಕೊಂಡಿದ್ದರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಬ್ರಿಟಿಷ್ ಸೈನ್ಯವು ತನ್ನ ಮೋಟಾರ್ ಸೈಕಲ್ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ 1988ರ ಮೋಟಾರು ವಾಹನಗಳ ಅಧಿನಿಯಮದ 129ನೆಯ ಪ್ರಕರಣವು ಅದನ್ನೇ ವಿಧಿಸುತ್ತದೆ.

ಆ ಸೈನಿಕ ಸವಾರರಲ್ಲಿ ಅನೇಕರು ಓಲೆಕಾರರು. ಒಂದು ಪಾಳೆಯದ ಸುದ್ದಿಯನ್ನು ಇನ್ನೊಂದು ಪಾಳೆಯಕ್ಕೆ ಮುಟ್ಟಿಸುವುದು ಅವರ ಕೆಲಸ. ಸುದ್ದಿಯು ಅವರ ಚರ್ಮದ ಚೀಲದಲ್ಲಿರುತ್ತಿತ್ತು; ದಾರಿಯಲ್ಲಿ ಅದು ಅವರೊಡನೆ ಮಾತನಾಡುತ್ತಿರಲಿಲ್ಲ. ಈಗಿನ ಸವಾರನ ಸ್ಥಿತಿ ಹಾಗಿಲ್ಲ. ಅವನ ಶಿರಸ್ತ್ರಾಣದೊಳಗೆ ಕಿವಿಗಳ ಪಕ್ಕದಲ್ಲಿ ಬಿಲ್ಲೆಯಷ್ಟು ತೆಳ್ಳಗಿನ ಎರಡು ಧ್ವನಿವರ್ಧಕಗಳೂ ಗದ್ದದ ಬಳಿ ಒಂದು ಮೈಕ್ರೋಫೋನೂ ಹೊರಬದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಪೆಟ್ಟಿಗೆಯೂ ಇರಬಹುದು. ಇವೆಲ್ಲವೂ ಸೇರಿದ ಸಾಧನಕ್ಕೆ ಹೆಡ್‌ಸೆಟ್ ಎಂದು ಹೆಸರು. ಅದರ ಮೂಲಕ ಅವನು ಹಾಡು ಕೇಳಬಲ್ಲನು, ದಾರಿ ತಿಳಿಯಬಲ್ಲನು, ದೂರದವರೊಡನೆ ಮಾತನಾಡಬಲ್ಲನು. ತಲೆಯನ್ನು ಕಾಯಲೆಂದು ಹುಟ್ಟಿದ ಕವಚವು ಕಿವಿಗೆ ಮಾತು ತರುವ ಕೋಣೆಯೂ ಆಗಿದೆ. ಈ ಎರಡು ಕೆಲಸಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ವಿಚಾರಿಸಬೇಕಾದ ಸಂಗತಿ.

ಮೊದಲು ಕವಚದ ವಿಷಯ. ಶಿರಸ್ತ್ರಾಣದ ಗಟ್ಟಿಯಾದ ಹೊರಚಿಪ್ಪೇ ತಲೆಯನ್ನು ಉಳಿಸುತ್ತದೆಂದು ಬಹು ಜನರು ಭಾವಿಸುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಚಿಪ್ಪಿನ ಒಳಗೆ ಹಗುರವಾದ ಬಿಳಿಯ ನೊರೆಯಂತಹ ಪಾಲಿಸ್ಟೈರೀನ್ ಪದರವೊಂದಿದೆ. ಪೆಟ್ಟು ಬಿದ್ದಾಗ ಈ ಪದರವು ನಜ್ಜುಗುಜ್ಜಾಗುತ್ತದೆ. ಹಾಗೆ ತಾನು ನುಗ್ಗಾಗುವುದರ ಮೂಲಕವೇ ಅದು ಪೆಟ್ಟಿನ ಬಲವನ್ನು ನುಂಗಿ, ಮಿದುಳಿಗೆ ತಲಪುವ ಆಘಾತವನ್ನು ತಗ್ಗಿಸುತ್ತದೆ. ಅದರ ಒಳಗಿನ ಮೆತ್ತನೆಯ ಬಟ್ಟೆಯ ಪದರವು ಕೇವಲ ಹಿತಕ್ಕಾಗಿ. ಧ್ವನಿವರ್ಧಕಗಳನ್ನು ಕೂರಿಸಬೇಕಾದುದು ಈ ಬಟ್ಟೆಯ ಪದರದ ಹಿಂದೆ, ಕಿವಿಗಳಿಗೆಂದೇ ಬಿಟ್ಟಿರುವ ಗುಳಿಗಳಲ್ಲಿ. ಗುಳಿ ಸಾಲದೆಂದು ನೊರೆಯ ಪದರವನ್ನು ಚಾಕುವಿನಿಂದ ಕೆತ್ತುವವರೂ, ತಂತಿಗಾಗಿ ಚಿಪ್ಪಿಗೆ ರಂಧ್ರ ಕೊರೆಯುವವರೂ ಉಂಟು. ಭಾರತದಲ್ಲಿ ಶಿರಸ್ತ್ರಾಣಗಳು ಐ.ಎಸ್. 4151 ಎಂಬ ಮಾನಕಕ್ಕೆ ಒಳಪಟ್ಟಿವೆ. ದ್ವಿಚಕ್ರ ವಾಹನಗಳಿಗಾಗಿ ಮಾರುವ ಶಿರಸ್ತ್ರಾಣದ ಮೇಲೆ 2021ರ ಜೂನ್ 1ರಿಂದ ಐ.ಎಸ್.ಐ. ಗುರುತು ಇರಲೇಬೇಕು. ಕೆತ್ತಿದ ಶಿರಸ್ತ್ರಾಣದ ಮೇಲೂ ಆ ಗುರುತು ಹಾಗೆಯೇ ಇರುತ್ತದೆ. ಪರೀಕ್ಷೆಯಲ್ಲಿ ಗೆದ್ದ ವಸ್ತು ಮಾತ್ರ ಉಳಿದಿರುವುದಿಲ್ಲ. ಇಂತಹವರು ಹಾಡಿಗಾಗಿ ತಲೆಯನ್ನೇ ಒತ್ತೆಯಿಡುತ್ತಾರೆ.

ಹೊರಗಿನ ಪೆಟ್ಟಿಗೆಗೂ ಸವಾರನ ಜೇಬಿನಲ್ಲಿರುವ ಮೊಬೈಲಿಗೂ ನಡುವೆ ತಂತಿಯಿಲ್ಲ. ಅವುಗಳ ಸಂಭಾಷಣೆ ನಡೆಯುವುದು ಬ್ಲೂಟೂತ್ ಎಂಬ ಅಲ್ಪದೂರದ ರೇಡಿಯೋ ವಿಧಾನದಿಂದ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಆರಂಭವಾದ ಸಂಶೋಧನೆ ಇದರ ಮೂಲ. 1998ರಲ್ಲಿ ಐದು ದೊಡ್ಡ ಸಂಸ್ಥೆಗಳು ಒಂದುಗೂಡಿ, ಯಾರು ತಯಾರಿಸಿದ ಯಂತ್ರವಾದರೂ ಇನ್ನೊಬ್ಬರು ತಯಾರಿಸಿದ ಯಂತ್ರದೊಡನೆ ಮಾತನಾಡುವಂತಾಗಬೇಕೆಂದು ಅದನ್ನು ಎಲ್ಲರಿಗೂ ಸಮಾನವಾದ ವಿಧಾನವನ್ನಾಗಿ ರೂಪಿಸಿದವು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಒಂದುಗೂಡಿಸಿದ ಹೆರಾಲ್ಡ್ ಎಂಬ ಅರಸನಿಗೆ ‘ನೀಲಿಹಲ್ಲಿನವನು’ ಎಂಬ ಅಡ್ಡಹೆಸರಿತ್ತು. ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ವಿಧಾನಕ್ಕೆ ಅವನ ಹೆಸರೇ ಬಂದಿತು. ಪಾಪ, ಆ ಅರಸನಿಗೆ ತನ್ನ ಹಲ್ಲು ಸಾವಿರ ವರ್ಷಗಳ ಮೇಲೆ ಹೀಗೆ ಪ್ರಸಿದ್ಧಿ ಪಡೆಯುವುದೆಂದು ಹೊಳೆದಿರಲಾರದು!

ಒಂದೇ ರಸ್ತೆಯಲ್ಲಿ ನೂರಾರು ಜನರು ಇದೇ ರೇಡಿಯೋ ಅಲೆಗಳನ್ನು ಬಳಸುತ್ತಿರುವಾಗ ಒಬ್ಬನ ಹಾಡು ಇನ್ನೊಬ್ಬನ ಕಿವಿಗೆ ಬೀಳುವುದಿಲ್ಲವೇಕೆ? ಬ್ಲೂಟೂತ್ ಒಂದೇ ಕಂಪನಾಂಕದಲ್ಲಿ ನಿಲ್ಲುವುದಿಲ್ಲ. ಅದರ ಮೂಲ ವಿಧಾನದಲ್ಲಿ ಒಟ್ಟು 79 ಹಾದಿಗಳಿದ್ದು, ಯಂತ್ರಗಳೆರಡೂ ಒಂದು ಸೆಕೆಂಡಿಗೆ 1600 ಬಾರಿ ಒಂದು ಹಾದಿಯಿಂದ ಮತ್ತೊಂದಕ್ಕೆ ಜಿಗಿಯುತ್ತವೆ. ಜಿಗಿತದ ಕ್ರಮವು ಜೊತೆಗೂಡಿದ ಆ ಯಂತ್ರಗಳಿಗೆ ಮಾತ್ರ ತಿಳಿದಿರುತ್ತದೆ. ಇಂತಹದೇ ಉಪಾಯವೊಂದಕ್ಕೆ 1942ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದವರು ಹೆಡಿ ಲಮಾರ್ ಎಂಬ ಚಲನಚಿತ್ರ ನಟಿ ಮತ್ತು ಜಾರ್ಜ್ ಆಂಥೈಲ್ ಎಂಬ ಸಂಗೀತಗಾರ. ನೀರೊಳಗೆ ಸಾಗುವ ಟಾರ್ಪೀಡೊವನ್ನು ಶತ್ರುವಿಗೆ ಸುಳಿವು ಸಿಗದಂತೆ ನಡೆಸುವುದು ಅವರ ಉದ್ದೇಶವಾಗಿತ್ತು. ಪಿಯಾನೋ ವಾದ್ಯಕ್ಕೆ ಇರುವಂತೆಯೇ ಅವರ ಯೋಜನೆಯಲ್ಲಿಯೂ 88 ಕಂಪನಾಂಕಗಳಿದ್ದವು.

ಹೆಡ್‌ಸೆಟ್ಟನ್ನೂ ಮೊಬೈಲನ್ನೂ ಮೊದಲ ಬಾರಿಗೆ ಪರಿಚಯಿಸುವುದಕ್ಕೆ ‘ಜೋಡಿಸುವುದು’ ಎನ್ನುತ್ತಾರೆ. ಒಮ್ಮೆ ಜೋಡಿಸಿದರೆ ಮುಂದೆ ಅವು ತಾವಾಗಿಯೇ ಒಂದನ್ನೊಂದು ಗುರುತಿಸುತ್ತವೆ. ಸವಾರನ ಬಳಿ ಒಂದೇ ಮೊಬೈಲ್ ಇದ್ದು ಹಾಡೂ ದಾರಿಯ ಸೂಚನೆಯೂ ಅದರಿಂದಲೇ ಬರುವುದಾದರೆ ತೊಡಕಿಲ್ಲ. ಸೂಚನೆಯ ಸಮಯದಲ್ಲಿ ಮೊಬೈಲು ತಾನೇ ಹಾಡನ್ನು ತಗ್ಗಿಸಿ, ಸೂಚನೆ ಮುಗಿದೊಡನೆ ಮೊದಲಿನಂತೆ ಏರಿಸುತ್ತದೆ. ಹಾಡಿಗೆ ಒಂದು ಯಂತ್ರ, ದಾರಿಗೆ ಹಿಡಿಕೆಯ ಮೇಲೆ ಕೂರಿಸಿದ ಇನ್ನೊಂದು ಯಂತ್ರ ಎಂದಾದಾಗ ಮಾತ್ರ ಗೊಂದಲ ತಲೆದೋರುತ್ತದೆ. ಬ್ಲೂಟೂತ್‌ನಲ್ಲಿ ಸಂಗೀತಕ್ಕೆ ಒಂದು ಬಗೆಯ ಒಪ್ಪಂದ, ಮಾತಿಗೆ ಇನ್ನೊಂದು ಬಗೆಯ ಒಪ್ಪಂದ. ಸಂಗೀತದ್ದು ಒಮ್ಮುಖವಾದ ವಿಶಾಲ ಕಾಲುವೆ; ಮಾತಿನದು ಹೋಗಿಬರುವ ಕಿರಿದಾದ ಕಾಲುವೆ. ಸಾಮಾನ್ಯವಾದ ಹೆಡ್‌ಸೆಟ್ ಎರಡು ಯಂತ್ರಗಳೊಡನೆ ಜೋಡಿಯಾಗಿದ್ದರೂ ಎರಡನ್ನೂ ಏಕಕಾಲದಲ್ಲಿ ನುಡಿಸಲಾರದು. ಮಾತಿನ ಕಾಲುವೆ ತೆರೆದೊಡನೆ ಸಂಗೀತದ ಕಾಲುವೆಯನ್ನು ಮುಚ್ಚಿಬಿಡುತ್ತದೆ. ಹೊಸ ಬಗೆಯ ಕೆಲವು ಹೆಡ್‌ಸೆಟ್‌ಗಳು ಎರಡನ್ನೂ ಬೆರೆಸಿ ಕೇಳಿಸುತ್ತವೆ. ಬೆರೆಸದಿರುವುದೇ ಲೇಸಲ್ಲವೇ ಎಂಬ ಸಂಶಯಕ್ಕೆ ಅವಕಾಶವುಂಟು. ಈ ಹೊಂದಾಣಿಕೆಗಳನ್ನೆಲ್ಲ ಮನೆಯಲ್ಲಿ ಕುಳಿತು ಮಾಡಿ ಮುಗಿಸಬೇಕು. ಕೈಗವಸು ತೊಟ್ಟ ಬೆರಳಿನಿಂದ ಓಡುವ ವಾಹನದ ಮೇಲೆ ಗುಂಡಿಗಳನ್ನು ತಡಕುವುದು ಅವಿವೇಕ.

ಹೀಗೆ ಶಿರಸ್ತ್ರಾಣದೊಳಗೆ ಬರುವ ಧ್ವನಿಗಳು ಮೂರು: ದಾರಿಯ ಸೂಚನೆ, ಸಂಗೀತ, ಸಂಭಾಷಣೆ. ಮೂರೂ ಒಂದೇ ಧ್ವನಿವರ್ಧಕದಿಂದ ಹೊರಡುತ್ತವೆ. ಆದರೆ ಸವಾರನ ಮೇಲೆ ಅವುಗಳ ಪರಿಣಾಮವು ಒಂದೇ ಆಗಿಲ್ಲ.

ದಾರಿಯ ಸೂಚನೆಯ ಹಿಂದೆ ಆಕಾಶದ ಗಡಿಯಾರಗಳಿವೆ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ಪರಮಾಣು ಗಡಿಯಾರಗಳ ನೆರವಿನಿಂದ ನಿರಂತರವಾಗಿ ಸಮಯವನ್ನು ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲಪಿದ ಕಾಲವನ್ನು ಹೋಲಿಸಿ ಮೊಬೈಲು ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ಸಾರ್ವಜನಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಬ್ಬಾಗಿಸಿತ್ತು. ಆ ನಿರ್ಬಂಧ ತೆಗೆದ ಮೇಲೆಯೇ ಬೀದಿಯ ತಿರುವನ್ನು ಖಚಿತವಾಗಿ ಹೇಳಬಲ್ಲ ಯಂತ್ರಗಳು ಸಾಮಾನ್ಯರ ಕೈಗೆ ಬಂದವು. ಭಾರತವೂ ತನ್ನದೇ ಆದ ನಾವಿಕ್ ಎಂಬ ವ್ಯವಸ್ಥೆಗಾಗಿ 2013ರ ಜುಲೈ 1ರಂದು ಮೊದಲ ಉಪಗ್ರಹವನ್ನು ಹಾರಿಸಿತು. ಆ ಉಪಗ್ರಹಗಳ ಸಂಚಾರ ಕೇಂದ್ರವು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. 2023ರ ಮೇ ತಿಂಗಳಲ್ಲಿ ಹಾರಿಸಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ನಮ್ಮ ದೇಶದಲ್ಲಿಯೇ ತಯಾರಿಸಿದ ಪರಮಾಣು ಗಡಿಯಾರವಿತ್ತು.

ಈ ಸೂಚನೆಯು ಕಿವಿಗೆ ಬರುವುದೇ ಮೇಲು, ಕಣ್ಣಿಗಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಸವಾರನು ಹಿಡಿಕೆಯ ಮೇಲಿನ ನಕ್ಷೆಯನ್ನು ಎರಡು ಸೆಕೆಂಡು ನೋಡಿದರೆ 33 ಮೀಟರಿನಷ್ಟು ರಸ್ತೆಯನ್ನು ಕುರುಡನಂತೆ ದಾಟಿರುತ್ತಾನೆ. ಅಷ್ಟರಲ್ಲಿ ಒಂದು ಹಸು, ಒಂದು ಗುಂಡಿ, ಚೆಂಡಿನ ಹಿಂದೆ ಓಡಿಬರುವ ಒಂದು ಮಗು ಎದುರಾಗಲು ಬೇಕಾದಷ್ಟು ಎಡೆಯಿದೆ. ಅದಕ್ಕೆ ಬದಲು ‘300 ಮೀಟರ್ ದೂರದಲ್ಲಿ ಎಡಕ್ಕೆ ತಿರುಗಿ’ ಎಂದು ಕಿವಿಗೆ ಕೇಳಿಸಿದರೆ, ಅದೇ ವೇಗದಲ್ಲಿ ಅವನಿಗೆ 18 ಸೆಕೆಂಡುಗಳ ಕಾಲಾವಕಾಶ ದೊರೆಯುತ್ತದೆ. ಹಿಂದೆ ನೋಡಬಹುದು, ಸಂಕೇತ ಕೊಡಬಹುದು, ವೇಗ ತಗ್ಗಿಸಬಹುದು. ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಮನೆಮನೆಗೆ ಊಟವನ್ನೂ ಸಾಮಾನನ್ನೂ ತಲಪಿಸುವ ಸಾವಿರಾರು ಯುವಕರಿಗೆ ಈ ಧ್ವನಿಯು ವಿಲಾಸವಲ್ಲ, ಜೀವನೋಪಾಯದ ಸಾಧನ. ಅವರಲ್ಲಿ ಅನೇಕರು ಮೊಬೈಲನ್ನೇ ಶಿರಸ್ತ್ರಾಣಕ್ಕೂ ಕೆನ್ನೆಗೂ ನಡುವೆ ತುರುಕಿಕೊಂಡಿರುತ್ತಾರೆ. ಬಡತನದ ಉಪಾಯವೇನೋ ಹೌದು. ಆದರೆ ಬಿದ್ದಾಗ ಆ ಗಾಜಿನ ಹಲಗೆಯು ಮುಖದ ಮೂಳೆಗೆ ಒತ್ತಿಕೊಂಡೇ ಇರುತ್ತದೆ.

ಸಂಗೀತದ ಸಂಗತಿ ಬೇರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್ಸ್ಟನ್ ಎಂಬ ಮನೋವಿಜ್ಞಾನಿಗಳು ವಾಹನ ನಡೆಸುವಂತಹ ಕೆಲಸವೊಂದನ್ನು ಜನರಿಂದ ಮಾಡಿಸಿ, ನಡುನಡುವೆ ಕೆಂಪು ದೀಪವನ್ನು ಬೆಳಗಿಸಿ, ಅವರು ಎಷ್ಟು ಬೇಗ ಬ್ರೇಕಿನ ಗುಂಡಿಯನ್ನು ಒತ್ತುತ್ತಾರೆಂದು ಪರೀಕ್ಷಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶವು ಗಮನಾರ್ಹವಾಗಿತ್ತು. ರೇಡಿಯೋ ಕೇಳುತ್ತಿದ್ದವರ ಕೆಲಸವು ಕೆಡಲಿಲ್ಲ. ದೂರವಾಣಿಯಲ್ಲಿ ಮಾತನಾಡುತ್ತಿದ್ದವರಾದರೋ ಕೆಂಪು ದೀಪವನ್ನು ಗಮನಿಸದೆ ಬಿಟ್ಟ ಸಂದರ್ಭಗಳು ಎರಡರಷ್ಟಾದುವು. ಗಮನಿಸಿದಾಗಲೂ ತಡವಾಗಿ ಗುಂಡಿ ಒತ್ತಿದರು. ದೂರವಾಣಿಯನ್ನು ಕೈಯಲ್ಲಿ ಹಿಡಿದಿದ್ದವರಿಗೂ ಕೈಯಲ್ಲಿ ಹಿಡಿಯದೆ ಮಾತನಾಡುತ್ತಿದ್ದವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಾಣಲಿಲ್ಲ. ತೊಂದರೆಯಿರುವುದು ಕೈಯಲ್ಲಲ್ಲ, ಮನಸ್ಸಿನಲ್ಲಿ ಎಂದಂತಾಯಿತು. ಕಣ್ಣು ದೀಪದ ಕಡೆಗಿದ್ದರೂ ಮನಸ್ಸು ಮಾತಿನ ಬೆನ್ನು ಹತ್ತಿ ಬೇರೆಡೆಗೆ ಹೋಗಿರುತ್ತದೆ. ಹಿಂದೆ ಕುಳಿತವನೊಡನೆ ಮಾತನಾಡುವುದೂ ಹಾಗೆಯೇ ಅಲ್ಲವೇ ಎಂದು ಕೇಳಬಹುದು. ಹಿಂದೆ ಕುಳಿತವನಿಗೂ ರಸ್ತೆ ಕಾಣುತ್ತದೆ. ಎದುರಿನಿಂದ ಲಾರಿ ನುಗ್ಗಿ ಬಂದಾಗ ಅವನು ಬಾಯಿ ಮುಚ್ಚುತ್ತಾನೆ. ಊರಿನಲ್ಲಿ ಕುಳಿತು ಕರೆ ಮಾಡಿದವನಿಗೆ ಆ ಲಾರಿಯು ಕಾಣುವುದಿಲ್ಲ. ಅವನು ಮದುವೆಯ ಮಾತನ್ನೋ ಸಾಲದ ಮಾತನ್ನೋ ಮುಂದುವರಿಸುತ್ತಲೇ ಇರುತ್ತಾನೆ.

ನಮ್ಮ ಕಾನೂನು ಈ ಭೇದವನ್ನು ಪೂರ್ತಿಯಾಗಿ ಗ್ರಹಿಸಿದಂತಿಲ್ಲ. 2019ರ ತಿದ್ದುಪಡಿಯು ವಾಹನ ನಡೆಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕರ ಚಾಲನೆಯ ಪಟ್ಟಿಗೆ ಸೇರಿಸಿತು. ಏಕಾಗ್ರತೆಗೆ ಭಂಗ ಬಾರದಂತೆ ದಾರಿ ತಿಳಿಯುವುದಕ್ಕಾಗಿ ಮಾತ್ರ ಅದನ್ನು ಬಳಸಬಹುದೆಂದು 2020ರ ನಿಯಮವು ಹೇಳಿತು. ಫ್ರಾನ್ಸ್ ದೇಶವು ಇನ್ನೊಂದು ಹಾದಿ ಹಿಡಿಯಿತು. 2015ರ ಜುಲೈ 1ರಿಂದ ಅಲ್ಲಿ ವಾಹನ ನಡೆಸುವವರು ಕಿವಿಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವಂತಿಲ್ಲ. ಶಿರಸ್ತ್ರಾಣದಲ್ಲಿಯೇ ಅಳವಡಿಸಿದ ಧ್ವನಿವರ್ಧಕಕ್ಕೆ ಮಾತ್ರ ವಿನಾಯಿತಿಯಿದೆ.

ಸಂಗೀತವು ಮನಸ್ಸನ್ನು ಅಷ್ಟಾಗಿ ಕದಿಯುವುದಿಲ್ಲವೆಂದ ಮಾತ್ರಕ್ಕೆ ಅದು ನಿರಪಾಯಕರವೆಂದು ತಿಳಿಯುವಂತಿಲ್ಲ. ಅದು ಕೆಡುಕು ಮಾಡುವುದು ಕಿವಿಗೆ. ಶಿರಸ್ತ್ರಾಣದ ಅಂಚಿನಡಿಯಲ್ಲಿ ಗಾಳಿಯು ಸುಳಿಸುಳಿಯಾಗಿ ತಿರುಗುತ್ತ ಮೊರೆಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಈ ಮೊರೆತವು ಕಿವಿಯ ಬಳಿ 95 ಡೆಸಿಬೆಲ್ಲಿಗೂ ಮೀರಬಹುದು. ಕಾರ್ಖಾನೆಯ ಕೆಲಸಗಾರರಿಗಾಗಿ ತಜ್ಞರು ಹಾಕಿರುವ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು. ಪ್ರತಿ ಮೂರು ಡೆಸಿಬೆಲ್ ಏರಿಕೆಗೆ ಸದ್ದಿನ ಶಕ್ತಿ ಇಮ್ಮಡಿಯಾಗಿ, ಸಹಿಸಬಹುದಾದ ಕಾಲ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ 94 ಡೆಸಿಬೆಲ್ಲಿಗೆ ಒಂದು ಗಂಟೆ, 97ಕ್ಕೆ ಅರ್ಧ ಗಂಟೆ. ಬೆಂಗಳೂರಿನಿಂದ ಹಾಸನ ತಲಪುವ ಹೊತ್ತಿಗೆ ಆ ದಿನದ ಪಾಲು ಮುಗಿದೇ ಹೋಗಿರುತ್ತದೆ. ಇಷ್ಟರ ಮೇಲೆ ಹಾಡು ಕೇಳಿಸಬೇಕಾದರೆ ಅದು ಗಾಳಿಗಿಂತ ಜೋರಾಗಿರಬೇಕು. ಸವಾರನು ಧ್ವನಿಯನ್ನು ಏರಿಸುತ್ತಾನೆ. ವೇಗ ಹೆಚ್ಚಿದಂತೆ ಗಾಳಿಯೂ ಏರುತ್ತದೆ. ಅವನು ಮತ್ತೆ ಏರಿಸುತ್ತಾನೆ. ಕಿವಿಯ ಒಳಗಿನ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ನೋವಿಲ್ಲದೆ, ಸುಳಿವಿಲ್ಲದೆ ಬರುವ ಕಿವುಡು ಇದು. ಅದಕ್ಕಾಗಿ ದೂರ ಪ್ರಯಾಣದ ಅನುಭವಿಗಳು ಮೊದಲು ಗಾಳಿಯ ಮೊರೆತವನ್ನು ತಗ್ಗಿಸುವ ಮೆತ್ತನೆಯ ಬಿರಡೆಗಳನ್ನು ಕಿವಿಗೆ ಇಟ್ಟುಕೊಂಡು, ಅದರ ಮೇಲೆ ಹೆಡ್‌ಸೆಟ್ಟಿನ ಸೂಚನೆಯನ್ನು ಕೇಳುತ್ತಾರೆ. ವಿಚಿತ್ರವೆನಿಸಿದರೂ, ಗದ್ದಲವು ತಗ್ಗಿದಾಗ ಮಾತು ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ.

ಇದಲ್ಲದೆ, ರಸ್ತೆಯೂ ಸವಾರನೊಡನೆ ಮಾತನಾಡುತ್ತಿರುತ್ತದೆ. ಸಡಿಲವಾದ ಸರಪಳಿಯ ಕಟಕಟ, ಹಿಂದಿನ ಚಕ್ರದ ಅಸಹಜವಾದ ಸದ್ದು, ಆಂಬುಲೆನ್ಸಿನ ಕೂಗು, ಹಿಂದಿನಿಂದ ಹಾಯಲು ಬರುತ್ತಿರುವ ಬಸ್ಸಿನ ಭಾರವಾದ ಉಸಿರು ಇವೆಲ್ಲವೂ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬರುವ ಸುದ್ದಿಗಳು. ಕಾರಿನವನ ಸುತ್ತ ಉಕ್ಕಿನ ಗೋಡೆಯಿದೆ, ಬೆನ್ನ ಹಿಂದಿನದನ್ನು ತೋರುವ ಮೂರು ಕನ್ನಡಿಗಳಿವೆ. ದ್ವಿಚಕ್ರದವನಿಗೆ ಅಷ್ಟೊಂದು ಅನುಕೂಲವಿಲ್ಲ. ಕಿವಿಯ ಪಾಲನ್ನು ಹಾಡಿಗೆ ಒಪ್ಪಿಸಿಬಿಟ್ಟರೆ ಅವನ ಬಳಿ ಉಳಿಯುವುದು ಬಹಳ ಕಡಮೆ.

ಘಟ್ಟದ ರಸ್ತೆಯಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತದೆ. ಕೊಟ್ಟಿಗೆಹಾರವನ್ನು ದಾಟಿ ಚಾರ್ಮಾಡಿ ಘಟ್ಟವನ್ನು ಇಳಿಯತೊಡಗಿದರೆ ಹಲವೆಡೆ ಮೊಬೈಲಿನ ಸಂಪರ್ಕ ಕಡಿದುಹೋಗುತ್ತದೆ. ಆಗ ಕರೆಗಳು ಬರುವುದಿಲ್ಲ. ಜಾಲದಿಂದ ಹರಿದುಬರುತ್ತಿದ್ದ ಹಾಡು ನಿಂತುಹೋಗುತ್ತದೆ. ಉಪಗ್ರಹದ ಸಂಕೇತಕ್ಕೆ ಮೊಬೈಲಿನ ಗೋಪುರದ ಹಂಗಿಲ್ಲವಾದುದರಿಂದ, ನಕ್ಷೆಯನ್ನು ಮುಂಚಿತವಾಗಿ ಸಂಗ್ರಹಿಸಿಟ್ಟವನಿಗೆ ತಾನೆಲ್ಲಿದ್ದೇನೆಂಬುದು ಅಲ್ಲಿಯೂ ತಿಳಿಯುತ್ತದೆ. ಆದರೆ ಕವಲುದಾರಿಗಳಿಲ್ಲದ ಆ ಇಳಿಜಾರಿನಲ್ಲಿ ದಾರಿ ತೋರುವ ಧ್ವನಿಗೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಮಳೆಗಾಲವಾದರೆ ಮಂಜು ಕವಿದು ಹತ್ತು ಮಾರು ಮುಂದಿನದೂ ಕಾಣದು. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಕಣಿವೆ. ಸವಾರನು ವೇಗ ತಗ್ಗಿಸಿ, ಶಿರಸ್ತ್ರಾಣದ ಮುಖಗವಚವನ್ನು ಮೇಲಕ್ಕೆತ್ತುತ್ತಾನೆ. ಬಂಡೆಯಿಂದ ಇಳಿಯುವ ನೀರಿನ ಸದ್ದು ಕೇಳಿಸುತ್ತದೆ. ಅದರಾಚೆ, ಕೆಳಗಿನ ತಿರುವಿನಲ್ಲಿ ಎಲ್ಲಿಯೋ, ಗೇರು ಬದಲಿಸಿ ಏದುಸಿರು ಬಿಡುತ್ತ ಏರಿಬರುತ್ತಿರುವ ಬಸ್ಸೊಂದು ದೀರ್ಘವಾಗಿ ಹಾರನ್ನು ಬಾರಿಸುತ್ತದೆ. ಘಟ್ಟದಲ್ಲಿ ಮೇಲೇರುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡಬೇಕೆಂಬುದು ನಿಯಮ. ಅವನು ತಿರುವಿಗೆ ಮುನ್ನವೇ ಎಡಕ್ಕೆ ಸರಿದು, ಒಂದು ಕಾಲನ್ನು ನೆಲಕ್ಕೆ ಊರಿ ನಿಲ್ಲುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಮಂಜಿನೊಳಗಿನಿಂದ ಎರಡು ಹಳದಿ ದೀಪಗಳು ಮೂಡಿ, ರಸ್ತೆಯ ಪೂರ್ತಿ ಅಗಲವನ್ನು ಬಳಸಿಕೊಂಡು ಬಸ್ಸು ತಿರುವನ್ನು ಹತ್ತಿ ಹೋಗುತ್ತದೆ.